ತೋಟದ ನಕ್ಷೆ ಕ್ಲಾಸಿಗೆ, ಹೊಟ್ಟೆಯ ಚಾರ್ಟ್ ಜಗಲಿಗೆ

ಪ್ರಶ್ನೆ:

ಅಕ್ಕಾ, ನಾನು ಕಾಸರಗೋಡಿನ ಮುಳ್ಳೇರಿಯಾ ಕಡೆಯವಳು. 29 ವರ್ಷ. ಮದುವೆಯಾಗಿ ಆರು ವರ್ಷ ಆಯಿತು, ನಾಲ್ಕು ವರ್ಷದ ಮಗ ಇದ್ದಾನೆ. ಅಡಕೆ ತೋಟದ ಮನೆ, ಅತ್ತೆ ಮಾವ ಜೊತೆಯಲ್ಲೇ ಇದ್ದಾರೆ. ಈಗ ಬಿ.ಎಡ್. ಎರಡನೇ ವರ್ಷ. ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚಿಂಗ್ ಪ್ರಾಕ್ಟೀಸ್ ನಡೆಯುತ್ತಿದೆ. 16 ವಾರದಲ್ಲಿ 11 ಮುಗಿದಿದೆ.

ಈ 11 ವಾರದಲ್ಲಿ ನನ್ನ ಎಡವಟ್ಟುಗಳು ಒಂದೆರಡಲ್ಲ. ಲೆಸನ್ ಪ್ಲಾನಿನಲ್ಲಿ ‘ಪೂರ್ವಜ್ಞಾನ’ ಅಂತ ಇರುವ ಜಾಗ ಖಾಲಿ ಬಿಟ್ಟಿದ್ದೆ. ಅಲ್ಲಿ ಅತ್ತೆ ಹಾಲಿನ ಲೆಕ್ಕ ಬರೆದಿಟ್ಟಿದ್ದರು. ‘ಸೋಮವಾರ ಬೆಳಗ್ಗೆ ಒಂದೂವರೆ, ಸಂಜೆ ಮುಕ್ಕಾಲು.’ ಅಬ್ಸರ್ವೇಶನ್‌ಗೆ ಬಂದ ಕಾಲೇಜಿನ ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಮಾವ ಕಷಾಯ ಕುಡಿದು ಲೋಟ ಇಟ್ಟಾಗ ‘ವೆರಿ ಗುಡ್, ಕೂತ್ಕೊಳ್ಳಿ’ ಅಂದುಬಿಟ್ಟೆ. ಕ್ಲಾಸಿನಲ್ಲಿ ಇದರ ಉಲ್ಟಾ. ಮೂಗು ಸೋರುತ್ತಿದ್ದ ಹುಡುಗನನ್ನು ಹತ್ತಿರ ಕರೆದು, ನನ್ನ ಮಗನಿಗೆ ಮಾಡುವ ಹಾಗೆ ಸೆರಗಿನಲ್ಲೇ ಒರೆಸಿಬಿಟ್ಟೆ. ಅವನು ಏಳನೇ ಕ್ಲಾಸಿನವನು. ಎಲ್ಲರೂ ನಕ್ಕರು. ಅಂದಿನಿಂದ ಅವನು ನನ್ನ ಪಾಠದಲ್ಲಿ ಮುಖ ಎತ್ತುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಹೋದ ತಿಂಗಳಿನದು. ಪಚನಾಂಗಗಳ ಚಾರ್ಟ್ ಬರೆದು ಸುರುಳಿ ಸುತ್ತಿ ಇಟ್ಟಿದ್ದೆ. ಪಕ್ಕದಲ್ಲೇ ಇವರು ಸರ್ವೆಗೆಂದು ತೆಗೆದಿಟ್ಟ ತೋಟದ ನಕ್ಷೆ ಇತ್ತು. ಬೆಳಗ್ಗಿನ ಗಡಿಬಿಡಿಯಲ್ಲಿ ಅದನ್ನೇ ಹೊತ್ತುಕೊಂಡು ಬಸ್ಸು ಹತ್ತಿದೆ. ಕ್ಲಾಸಿನಲ್ಲಿ ಬಿಚ್ಚಿದರೆ ತೋಟ! ಒಬ್ಬ ಹುಡುಗ ಎದ್ದು, ‘ಟೀಚರ್, ಈ ಕೆರೆ ಜಠರವಾ? ಹಾಗಾದ್ರೆ ಈ ತೋಡು ಕರುಳು ಆಗಿರ್ಬೇಕು’ ಅಂದ. ಮೆಂಟರ್ ಟೀಚರ್ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ನನಗೆ ಕೈಕಾಲು ಆಡಲಿಲ್ಲ. ಕೊನೆಗೆ ಅಡುಗೆ ಕೋಣೆಯ ಹತ್ತಿರದ ಬಾವಿಯ ಹಗ್ಗ ಬಿಚ್ಚಿ ತಂದು, ಸಣ್ಣ ಕರುಳು ಇಷ್ಟುದ್ದ ಅಂತ ಮಕ್ಕಳ ಕೈಯಲ್ಲಿ ಹಿಡಿಸಿ ಹೇಗೋ ಪಾಠ ಮುಗಿಸಿದೆ. ಹಗ್ಗ ತೆಗೆದದ್ದಕ್ಕೆ ಅಡುಗೆಯವರಿಂದ ಬೈಸಿಕೊಂಡದ್ದೂ ಆಯಿತು. ಮೆಂಟರ್ ‘ಸಿದ್ಧತೆ ಸಾಲದು’ ಎಂದು ಬರೆದರು. ಕೆಳಗೆ ‘ಮಕ್ಕಳು ಚೆನ್ನಾಗಿ ಭಾಗವಹಿಸಿದರು’ ಎಂದೂ ಇತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಇವರು ಸರ್ವೆಯರ್ ಮುಂದೆ ಜಗಲಿಯಲ್ಲಿ ಸುರುಳಿ ಬಿಚ್ಚಿದ್ದಾರೆ. ಗುಲಾಬಿ ಬಣ್ಣದ ಹೊಟ್ಟೆ! ‘ಇದು ಯಾವ ಜಾಗ?’ ಎಂದು ಅವರು ಮಲಯಾಳದಲ್ಲಿ ಕೇಳಿದರಂತೆ. ಇವರು ಆ ಕಥೆಯನ್ನು ಬಂಧುಗಳ ಮನೆಯ ಉಪನಯನದಲ್ಲಿ, ಊಟದ ಪಂಕ್ತಿಯಲ್ಲಿ ಹೇಳಿದರು. ಈಗ ನನಗೆ ‘ಹೊಟ್ಟೆ ಟೀಚರ್’ ಅಂತಲೇ ಹೆಸರು. ಮೊದಮೊದಲು ನಾನೂ ನಕ್ಕೆ. ಈಗ ಆಗುತ್ತಿಲ್ಲ. ಮನೆಯೂ ಸರಿಯಾಗುತ್ತಿಲ್ಲ, ಪಾಠವೂ ಸರಿಯಾಗುತ್ತಿಲ್ಲ. ಇದನ್ನು ಇಲ್ಲಿಗೇ ಬಿಟ್ಟು, ಮಗ ದೊಡ್ಡವನಾದ ಮೇಲೆ ಮುಂದುವರಿಸಲೇ?

— ಹೆಸರು ಬೇಡ

ಉತ್ತರ:

ತಂಗೀ, ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕಾಗದ ಓದುತ್ತಿದ್ದ ಹಾಗೆ, ನೀವು ನಾಳೆಯೇ ಕಾಲೇಜಿಗೆ ಹೋಗಿ ಹೆಸರು ತೆಗೆಸಿಬಿಟ್ಟರೆ ಎಂದು ನನಗೆ ಭಯವಾಯಿತು.

‘ಮಗ ದೊಡ್ಡವನಾದ ಮೇಲೆ’ ಎಂಬ ದಾರಿ ನೀವು ಅಂದುಕೊಂಡಷ್ಟು ಸುಲಭ ಇಲ್ಲ. ಅಧ್ಯಾಪಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯ 2014ರ ನಿಯಮದಂತೆ ಬಿ.ಎಡ್. ಎರಡು ವರ್ಷದ್ದು. ಆದರೆ ಸೇರಿದ ದಿನದಿಂದ ಹೆಚ್ಚೆಂದರೆ ಮೂರು ವರ್ಷದೊಳಗೆ ಮುಗಿಸಬೇಕು. ನೀವು ಎರಡನೇ ವರ್ಷದ ನಡುವಿನಲ್ಲಿದ್ದೀರಿ. ಈಗ ಬಿಟ್ಟರೆ ಉಳಿಯುವ ಕಾಲ ಒಂದು ವರ್ಷ, ಒಂದೂವರೆ ವರ್ಷ. ಅಷ್ಟರಲ್ಲಿ ನಿಮ್ಮ ಮಗ ದೊಡ್ಡವನಾಗುವುದಿಲ್ಲ, ಒಂದನೇ ಕ್ಲಾಸಿಗೆ ಹೊರಟಿರುತ್ತಾನೆ. ಅವನ ಚೀಲ, ಅವನ ಬುತ್ತಿ, ಅವನ ಹೋಂವರ್ಕ್ ಅಂತ ಕೆಲಸ ಇನ್ನೂ ಜಾಸ್ತಿಯೇ. ಆ ಮೂರು ವರ್ಷ ದಾಟಿದರೆ ಮತ್ತೆ ಮೊದಲಿನಿಂದ ಸೇರಬೇಕಾದೀತು. ಪ್ರಾಕ್ಟೀಸ್ ಇನ್ನು ಐದು ವಾರಕ್ಕೆ ಮುಗಿಯುತ್ತದೆ, ಅದನ್ನು ಬಿಟ್ಟು ಮತ್ತೆ ಎರಡು ವರ್ಷದ ಕೆಲಸ ಮಾಡಿಕೊಳ್ಳಬೇಡಿ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಶಾಲೆಯ ಇಂಟರ್ನ್‌ಶಿಪ್‌ಗೆ, ಅಂದರೆ ನಿಮ್ಮ ಈ ಟೀಚಿಂಗ್ ಪ್ರಾಕ್ಟೀಸಿಗೆ, 90 ಶೇಕಡಾ ಹಾಜರಿ ಬೇಕು. ವಾರಕ್ಕೆ ಐದು ದಿನದಂತೆ 16 ವಾರಕ್ಕೆ 80 ದಿನ. ಅಂದರೆ ತಪ್ಪಿಸಿಕೊಳ್ಳಲು ಸಿಗುವುದು ಒಟ್ಟು ಎಂಟೇ ದಿನ. ಇದುವರೆಗೆ ಎಷ್ಟು ರಜೆ ಹಾಕಿದ್ದೀರಿ ಎಂದು ಇವತ್ತೇ ಎಣಿಸಿ. ಉಳಿದದ್ದನ್ನು ಮಗನ ಜ್ವರಕ್ಕೆ ಇಟ್ಟುಕೊಳ್ಳಿ. ಬೇಜಾರಾಯಿತು ಎಂದು ಒಂದನ್ನೂ ಕಳೆಯಬೇಡಿ.

ಇನ್ನು ಪಾಠದ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಗದದಲ್ಲಿ ನಾನು ನಾಲ್ಕು ಸಲ ಓದಿದ್ದು ಒಂದೇ ಸಾಲು. ‘ಹಗ್ಗ ಬಿಚ್ಚಿ ತಂದು... ಹೇಗೋ ಪಾಠ ಮುಗಿಸಿದೆ.’ ಚಾರ್ಟ್ ತಪ್ಪಿದ್ದನ್ನು ಅಷ್ಟುದ್ದ ಬರೆದವರು, ಹಗ್ಗದ ವಿಷಯವನ್ನು ಬೈಗುಳದ ಜೊತೆ ಸೇರಿಸಿ ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟಿರಿ. ನನಗೆ ಮಾತ್ರ ಆ ಕ್ಲಾಸು ಕಣ್ಣಿಗೆ ಕಟ್ಟಿದ ಹಾಗೆ ಆಯಿತು. ಇಷ್ಟು ವರ್ಷ ಕನ್ನಡ ಶಾಲೆಯ ಸಣ್ಣ ಮಕ್ಕಳಿಗೆ ಪಾಠ ಹೇಳಿದವಳು ನಾನು. ಎಷ್ಟೋ ಚಾರ್ಟ್ ಬರೆದಿದ್ದೇನೆ, ಬರೆಸಿದ್ದೇನೆ. ಗುಲಾಬಿ ಹೊಟ್ಟೆ, ಕಂದು ಯಕೃತ್ತು, ಬಾಣದ ಗುರುತು ಹಾಕಿ ಹೆಸರು. ಮಕ್ಕಳು ನೋಡುತ್ತಾರೆ, ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಚಾರ್ಟಿನಲ್ಲಿ ಸಣ್ಣ ಕರುಳು ಒಂದು ಜಿಲೇಬಿಯಷ್ಟೇ ಕಾಣುತ್ತದೆ. ದೊಡ್ಡವರ ಹೊಟ್ಟೆಯಲ್ಲಿ ಅದು ಸುಮಾರು ಆರು ಮೀಟರ್ ಇರುತ್ತದೆ ಎಂದು ಬಾಯಲ್ಲಿ ಹೇಳಿದರೆ ಮಗುವಿಗೆ ಏನೂ ಅನ್ನಿಸುವುದಿಲ್ಲ. ಆದರೆ ಒದ್ದೆ ಹಗ್ಗದ ಒಂದು ತುದಿ ಬಾಗಿಲ ಹತ್ತಿರ ಒಬ್ಬನ ಕೈಯಲ್ಲಿ, ಇನ್ನೊಂದು ತುದಿ ಹಿಂದಿನ ಬೆಂಚಿನವನ ಕೈಯಲ್ಲಿ, ನಡುವೆ ಸಾಲಾಗಿ ಹಿಡಿದುಕೊಂಡ ಮಕ್ಕಳು. ‘ಇಷ್ಟೂ ನಿನ್ನ ಹೊಟ್ಟೆಯ ಒಳಗೆ ಉಂಟು’ ಎಂದರೆ ಆ ಮಗು ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಳ್ಳುತ್ತದೆ. ಅಂಗೈಗೆ ತಾಗಿದ ಆ ಹಗ್ಗ ಅವರಿಗೆ ಮರೆತುಹೋಗುವುದಿಲ್ಲ.

ಆ ಹುಡುಗನ ಮಾತನ್ನೂ ನೀವು ಕೀಟಲೆ ಅಂದುಕೊಂಡಿರಿ. ಕೀಟಲೆ ಹೌದು. ಆದರೆ ಕೆರೆಯನ್ನು ಜಠರ ಅಂದ, ತೋಡನ್ನು ಕರುಳು ಅಂದ. ಒಂದು ಕಡೆ ತುಂಬಿ ನಿಂತು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಹರಿದು, ದಾರಿಯುದ್ದಕ್ಕೂ ತೋಟಕ್ಕೆ ನೀರು ಹೋಗುವುದನ್ನು ಅವನು ಮನೆಯಲ್ಲಿ ದಿನಾ ನೋಡಿದ್ದಾನೆ. ಹೊಟ್ಟೆಯಲ್ಲೂ ಹಾಗೆಯೇ ಇರಬೇಕು ಎಂದು ತಾನೇ ಜೋಡಿಸಿಕೊಂಡ. ಪಾಠ ಶುರುವಾಗುವ ಮೊದಲೇ ಪಾಠದ ಅರ್ಧ ಅವನ ಬಾಯಲ್ಲಿತ್ತು. ನಿಮ್ಮ ಲೆಸನ್ ಪ್ಲಾನಿನಲ್ಲಿ ಹಾಲಿನ ಲೆಕ್ಕ ಕೂತಿತ್ತಲ್ಲ, ಆ ‘ಪೂರ್ವಜ್ಞಾನ’ ಅಂದರೆ ಇದೇ. ಮುಂದಿನ ಕ್ಲಾಸಿನಲ್ಲಿ ಅವನನ್ನೇ ಎಬ್ಬಿಸಿ, ‘ತೋಡಿನ ನೀರು ಗಿಡದ ಬುಡಕ್ಕೆ ಹೇಗೆ ಹೋಗುತ್ತದೆ? ಕರುಳಿನಿಂದ ರಕ್ತಕ್ಕೆ ಹೇಗೆ ಹೋಗುತ್ತದೆ?’ ಎಂದು ಕೇಳಿ ನೋಡಿ. ಆಗ ಒಂದು ತೆಳು ಬೈರಾಸು, ಒಂದು ಟರ್ಕಿ ಟವೆಲ್, ಎರಡು ಬಕೆಟ್ ನೀರು ಸಾಕು. ಒಂದೇ ಅಳತೆಯ ಎರಡು ಬಟ್ಟೆ ಅದ್ದಿ ಹಿಂಡಿಸಿ. ಟವೆಲ್‌ನಿಂದ ಜಾಸ್ತಿ ನೀರು ಬರುತ್ತದೆ, ಏಕೆಂದರೆ ಅದರ ಮೈ ತುಂಬಾ ಸಣ್ಣ ಸಣ್ಣ ಎಳೆಗಳಿವೆ. ಸಣ್ಣ ಕರುಳಿನ ಒಳಮೈಯಲ್ಲೂ ಅಂತಹ ಬೆರಳಿನಂತಹ ಎಳೆಗಳು ಇರುವುದರಿಂದಲೇ ಅದು ಅಷ್ಟು ಹೀರಿಕೊಳ್ಳುತ್ತದೆ. ಈ ಸಲ ಅಡುಗೆಯವರನ್ನು ಮೊದಲೇ ಕೇಳಿ ಬಕೆಟ್ ತನ್ನಿ. ಹಗ್ಗ ಇಲ್ಲದೆ ನೂರಾರು ಮಕ್ಕಳ ಊಟಕ್ಕೆ ನೀರು ಸೇದಲಾಗದೆ ನಿಂತವರು ಅವರು. ಅವರ ಸಿಟ್ಟು ನ್ಯಾಯವಾದದ್ದೇ. ಒಂದು ಮಾತು ಕೇಳಿಕೊಂಡರೆ ಅವರೇ ನಿಮ್ಮ ಕಡೆಯವರಾಗುತ್ತಾರೆ.

ಮೆಂಟರ್ ಬರೆದ ಎರಡು ಮಾತೂ ಸರಿ. ನೀವು ಮೊದಲನೆಯದನ್ನು ಮಾತ್ರ ಮನೆಗೆ ತಂದಿರಿ. ಸಿದ್ಧತೆ ಸಾಲದು ಎಂಬುದನ್ನು ನಾನು ತೇಲಿಸಿಬಿಡುವುದಿಲ್ಲ. ಬ್ಯಾಗ್ ನೋಡದೆ ಬಸ್ಸು ಹತ್ತಿದ್ದು ತಪ್ಪು, ಸರಿಪಡಿಸಬಹುದಾದ ತಪ್ಪು. ಆದರೆ ನೀವು ಮೊದಲ ವರ್ಷ ಮೈಕ್ರೋ ಟೀಚಿಂಗ್ ಮಾಡಿದ್ದೀರಲ್ಲ, ಅದನ್ನು ಒಮ್ಮೆ ನೆನಪಿಸಿಕೊಳ್ಳಿ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪದ್ಧತಿ ಅದು. ಐದಾರು ಮಂದಿಯ ಮುಂದೆ ಐದಾರು ನಿಮಿಷ ಪಾಠ ಮಾಡುವುದು, ಎಲ್ಲಿ ತಪ್ಪಿತು ಎಂದು ಕೇಳಿಸಿಕೊಳ್ಳುವುದು, ಪ್ಲಾನ್ ತಿದ್ದುವುದು, ಅದೇ ಪಾಠವನ್ನು ಮತ್ತೆ ಮಾಡುವುದು. ಮೊದಲ ಸಲ ತಪ್ಪುತ್ತದೆ ಎಂದು ಗೊತ್ತಿದ್ದೇ ಎರಡನೇ ಸಲಕ್ಕೆ ಜಾಗ ಇಟ್ಟಿದ್ದಾರೆ. ತಪ್ಪದೆ ಕಲಿತು ಬರುವವರಿಗಾದರೆ ಈ ತರಬೇತಿಯೇ ಬೇಡವಾಗಿತ್ತು, ಅಲ್ವಾ?

ನಿಮ್ಮ ಎಲ್ಲ ಎಡವಟ್ಟುಗಳಲ್ಲಿ ನನಗೆ ನಿಜವಾಗಿ ಚುಚ್ಚಿದ್ದು ಮೂಗು ಒರೆಸಿದ್ದು. ನೀವು ಮಾಡಿದ್ದು ತಾಯಿಯ ಕೈಯ ಅಭ್ಯಾಸದಿಂದ, ಅದರಲ್ಲಿ ಕೆಟ್ಟದ್ದು ಏನೂ ಇಲ್ಲ. ಆದರೆ 12 ವರ್ಷದ ಹುಡುಗನಿಗೆ ಗೆಳೆಯರ ಮುಂದೆ ಮಗುವಾಗಿಬಿಡುವುದು ದೊಡ್ಡ ಅವಮಾನ. ಉಳಿದ ಎಲ್ಲದರಲ್ಲಿ ನಗೆಗೆ ಸಿಕ್ಕಿದ್ದು ನೀವು. ಇದರಲ್ಲಿ ಸಿಕ್ಕಿದ್ದು ಅವನು. ‘ಹೊಟ್ಟೆ ಟೀಚರ್’ ಎಂದು ಕರೆದಾಗ ನಿಮಗೆ ಏನಾಗುತ್ತದೋ ಅವನಿಗೂ ಅದೇ ಆಗಿದೆ. ಹಾಗಾಗಿ ಈ ವಾರ ಮೊದಲು ಮಾಡಬೇಕಾದ್ದು ಇದು. ಎಲ್ಲರ ಮುಂದೆ ಬೇಡ. ಪಾಠ ಮುಗಿದು ಹೊರಗೆ ಬರುವಾಗ, ನಡೆಯುತ್ತಾ ನಡೆಯುತ್ತಾ, ‘ಅವತ್ತು ನಾನು ಹಾಗೆ ಮಾಡಬಾರದಿತ್ತು, ನನ್ನದು ತಪ್ಪಾಯಿತು’ ಎಂದು ಒಂದೇ ಮಾತು ಹೇಳಿ. ಅವನು ಉತ್ತರ ಕೊಡದಿದ್ದರೂ ಚಿಂತೆ ಇಲ್ಲ. ಆಮೇಲೆ ಬಕೆಟ್ ಹೊರಲು, ಬಟ್ಟೆ ಹಿಂಡಲು ಅವನನ್ನು ಕರೆಯಿರಿ. ಕೈಯಲ್ಲಿ ಕೆಲಸ ಇದ್ದರೆ ತಲೆ ತಾನಾಗಿ ಮೇಲೆ ಬರುತ್ತದೆ.

ಮನೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು.

ನಾನು ಟಿಟಿಸಿ, ಅಂದರೆ ಟೀಚರ್ ತರಬೇತಿ, ಮಾಡುವಾಗ ಮದುವೆಯಾಗಿತ್ತು, ಮಗಳಿಗೆ ಎರಡು ವರ್ಷ. ಒಂದು ದಿನ ಪಾಠದ ನಡುವೆ ಬ್ಯಾಗಿನಿಂದ ಡಸ್ಟರ್ ಎಂದು ತೆಗೆದದ್ದು ಅವಳ ಮಡಿಸಿದ ಲಂಗೋಟಿ. ಒಗೆದದ್ದೇ ಆಗಿತ್ತು. ಬೋರ್ಡ್ ಒರೆಸಿದ ಮೇಲೆಯೇ ಗೊತ್ತಾಯಿತು. ಮನೆಗೆ ಬಂದು ನಾನೇ ಹೇಳಿದೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅದು ಪ್ರತಿ ಪೂಜೆಯಲ್ಲೂ, ಪ್ರತಿ ಮದುವೆಯಲ್ಲೂ ಬಂತು. ವರ್ಷಗಟ್ಟಲೆ ಬಂತು. ನಾನು ಜಗಳ ಮಾಡಲಿಲ್ಲ. ಆದರೆ ಶಾಲೆಯ ವಿಷಯವನ್ನು ಮನೆಯಲ್ಲಿ ಹೇಳುವುದನ್ನೇ ನಿಲ್ಲಿಸಿಬಿಟ್ಟೆ. ತಪ್ಪಿದ್ದನ್ನು ಹೇಳಲಿಲ್ಲ, ಒಳ್ಳೆಯದಾದದ್ದನ್ನೂ ಹೇಳಲಿಲ್ಲ. ಅಕ್ಷರವೇ ಹತ್ತದಿದ್ದ ಒಬ್ಬ ಹುಡುಗ ಒಂದು ದಿನ ಬಸ್ಸಿನ ಬೋರ್ಡ್ ಓದಿದ. ಆ ಸಂತೋಷವನ್ನು ನನ್ನ ಗಂಡನಿಗೆ ಹೇಳದೆ ಮಲಗಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ರಾತ್ರಿ ಹೇಳಿದಾಗ, ‘ನೀನು ನಗ್ತಾ ಇದ್ದೆಯಲ್ಲ, ನಾನು ಹೇಗೆ ತಿಳ್ಕೊಳ್ಳಲಿ?’ ಎಂದರು. ಅವರು ಹೇಳಿದ್ದೂ ಸರಿಯೇ ಆಗಿತ್ತು. ನೀವು ಅಷ್ಟು ವರ್ಷ ಕಾಯಬೇಡಿ.

ನಿಮ್ಮವರು ಕೆಟ್ಟವರಲ್ಲ ಎಂದು ಕಾಗದದಲ್ಲೇ ಕಾಣುತ್ತದೆ. ಆ ಕಥೆಯಲ್ಲಿ ಸರ್ವೆಯರ್ ಮುಂದೆ ಹೊಟ್ಟೆ ಬಿಚ್ಚಿ ನಿಂತವರು ಅವರೇ ಅಲ್ವಾ. ತನ್ನ ಕಥೆಯನ್ನು ತಾನು ಹೇಳುತ್ತಿದ್ದೇನೆ ಎಂದೇ ಅವರು ತಿಳಿದಿರಬಹುದು. ಆದರೆ ಅವರ ಕಥೆ ಮುಗಿಯುವುದು ಎಲ್ಲಿ? ಜಗಲಿಯಲ್ಲಿ. ಅದೇ ಹೊತ್ತಿಗೆ ನೀವು ಶಾಲೆಯಲ್ಲಿ ಏನು ಮಾಡಿದಿರಿ ಎಂದು ಅವರಿಗೆ ಯಾರು ಹೇಳಿದ್ದಾರೆ? ನನಗೇ ನೀವು ಒಂದು ಸಾಲಿನಲ್ಲಿ ಹೇಳಿದ್ದೀರಿ. ಅವರಿಗೆ ಅಷ್ಟೂ ಹೇಳಿರಲಾರಿರಿ.

ಮಗ ಮಲಗಿದ ಮೇಲೆ ಹೇಳಿ. ಅಡಕೆ ಸುಲಿಯುತ್ತಾ ಕೂತ ಹೊತ್ತಾದರೂ ಆದೀತು, ಕೈಗೆ ಕೆಲಸ ಇದ್ದರೆ ಮಾತು ಸುಲಭ. ‘ನೀವು ಹೇಳುವ ಕಥೆಯಲ್ಲಿ ಹಗ್ಗ ಇಲ್ಲ’ ಎಂದು ಶುರು ಮಾಡಿ. ಯಾವ ಹಗ್ಗ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೆರೆ ಜಠರವಾ ಎಂದ ಹುಡುಗ, ನಿಮ್ಮ ಕೈ ನಡುಗಿದ್ದು, ಬಾವಿಕಟ್ಟೆಗೆ ಓಡಿದ್ದು, ಬೈಸಿಕೊಂಡದ್ದು, ಎಲ್ಲ ಹೇಳಿ. ಆಮೇಲೆ ಸ್ಪಷ್ಟವಾಗಿ ಹೇಳಿ: ‘ಹೊಟ್ಟೆ ಟೀಚರ್ ಅನ್ನುವ ಹೆಸರು ನನಗೆ ಬೇಡ. ನೋವಾಗ್ತದೆ. ಯಾರಾದರೂ ಕರೆದರೆ ನೀವೇ ತಡೀಬೇಕು.’ ಮುಗುಳ್ನಗುತ್ತಾ ಹೇಳಬೇಡಿ. ನಾವು ಹೆಂಗಸರು ನೋವಿನ ಮಾತನ್ನೂ ನಗುತ್ತಾ ಹೇಳಿ, ಕೇಳಿದವರಿಗೆ ಅರ್ಥವಾಗಲಿಲ್ಲ ಎಂದು ಅಳುತ್ತೇವೆ. ಬಂಧುಗಳಿಗೆ ನೀವು ಒಬ್ಬೊಬ್ಬರಿಗೇ ಉತ್ತರ ಕೊಡುತ್ತಾ ಕೂರುವುದು ಬೇಡ. ಪಂಕ್ತಿಯಲ್ಲಿ ಶುರು ಮಾಡಿದವರೇ ಪಂಕ್ತಿಯಲ್ಲಿ ನಿಲ್ಲಿಸಲಿ.

ಅತ್ತೆಯ ಹಾಲಿನ ಲೆಕ್ಕಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ. ಅಡುಗೆ ಮನೆಯ ಬಾಗಿಲಿಗೆ ಒಂದು ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಮಾವನಿಗೆ ‘ವೆರಿ ಗುಡ್’ ಅಂದದ್ದಕ್ಕೆ ಅವರು ಏನಾದರೂ ಅಂದರೇ? ನೀವು ಬರೆದಿಲ್ಲ. ಏನೂ ಅನ್ನದಿದ್ದರೆ ಅವರಿಗೆ ಖುಷಿಯಾಗಿರಬೇಕು. ಆ ವಯಸ್ಸಿನಲ್ಲಿ ಕಹಿ ಕಷಾಯ ಕುಡಿದದ್ದಕ್ಕೆ ಒಳ್ಳೆಯ ಮಾತು ಹೇಳುವವರು ಮನೆಯಲ್ಲಿ ಇನ್ಯಾರಿದ್ದಾರೆ?

ಮನೆ ಶಾಲೆಗೆ ಬರುವುದು, ಶಾಲೆ ಮನೆಗೆ ಬರುವುದು ನಮ್ಮ ಊರಿಗೆ ಹೊಸತಲ್ಲ. ಪೆರಡಾಲದಲ್ಲಿ ಪಾಠ ಹೇಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರೂ ಆಗಿದ್ದರು, ಮಣ್ಣಿನಲ್ಲಿ ದುಡಿಯುವ ಕೃಷಿಕರೂ ಆಗಿದ್ದರು. ಅದಕ್ಕೇ ನಿಮ್ಮಂಥವರು ಶಾಲೆಯಲ್ಲಿ ಬೇಕು ಎಂದು ನಾನು ಹೇಳುವುದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಆದರೂ ಕನ್ನಡ ಶಾಲೆಗಳು ಉಳಿದುಕೊಂಡು ಬಂದಿವೆ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ಕ್ಲಾಸಿಗೆ ಬಂದಾಗ ಮಕ್ಕಳೂ ಹೆತ್ತವರೂ ಗೇಟಿನ ಮುಂದೆ ಕೂತದ್ದನ್ನು ನೀವೂ ನೋಡಿದ್ದೀರಿ. ಭಾಷೆ ಬಾರದವರ ಮುಂದೆ ಆ ಹುಡುಗ ಕೆರೆಯ ಮಾತು ಎತ್ತುತ್ತಿದ್ದನೇ? ಬಾಯಿ ಮುಚ್ಚಿ ಕೂತಿರುತ್ತಿದ್ದ. ನಿಮ್ಮ ಮುಂದೆ ಕೀಟಲೆ ಮಾಡಿದ ಎಂದರೆ ನಿಮ್ಮ ಹತ್ತಿರ ಮಾತಾಡಬಹುದು ಎಂದು ಅವನಿಗೆ ಗೊತ್ತಿದೆ. ಬಿ.ಎಡ್. ಮುಗಿಸಿ, ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ಕೆ-ಟೆಟ್ ಬರೆಯಿರಿ. 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಓದಿದ್ದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದುಬಿಡುವುದು ಒಳ್ಳೆಯದು.

ಉಳಿದ ಐದು ವಾರಕ್ಕೆ ಒಂದು ಏರ್ಪಾಡು ಮಾಡಿಕೊಳ್ಳಿ. ರಾತ್ರಿ ಊಟಕ್ಕೆ ಕೂರುವ ಮೊದಲೇ ನಾಳೆಯ ಬ್ಯಾಗ್ ತುಂಬಿ, ಮಗನ ಕೈಗೆ ಸಿಗದ ಎತ್ತರದ ಮೊಳೆಗೆ ತೂಗುಹಾಕಿ. ಮಲಗುವ ಮೊದಲು ಎಂದು ಇಟ್ಟುಕೊಂಡರೆ ನಿದ್ದೆಗಣ್ಣಲ್ಲಿ ಮತ್ತೆ ನಕ್ಷೆಯೇ ಒಳಗೆ ಹೋದೀತು. ಲೆಸನ್ ಪ್ಲಾನನ್ನು ಆದಷ್ಟು ಶಾಲೆಯ ಖಾಲಿ ಪೀರಿಯಡ್‌ನಲ್ಲೇ ಬರೆಯಿರಿ, ಒಂದು ಸಾಲನ್ನೂ ಖಾಲಿ ಬಿಡಬೇಡಿ. ಮಗನಿಗೂ ಒಂದು ಉದ್ದ ಪುಸ್ತಕ ತೆಗೆದುಕೊಟ್ಟು ‘ಇದು ನಿನ್ನ ರೆಕಾರ್ಡ್’ ಎನ್ನಿ. ನೀವು ಬರೆಯುವಾಗ ಅವನೂ ಪಕ್ಕದಲ್ಲಿ ಕೂತು ಗೀಚಲಿ.

ಚಾರ್ಟಿಗೆ ಮಾತ್ರ ನಿಮ್ಮವರ ಸಹಾಯ ಬೇಕು. ಹಗ್ಗದ ಕಥೆ ಹೇಳಿದ ಮರುದಿನವೇ ಕೇಳಿ. ತೋಟದಲ್ಲಿ ಉಳಿದ ಪಿವಿಸಿ ಪೈಪಿನ ತುಂಡು ಇದ್ದೇ ಇರುತ್ತದೆ. ಮೂರು ಇಂಚಿನದಾದರೆ ಒಳ್ಳೆಯದು. ಎರಡೂವರೆ ಅಡಿ ಉದ್ದಕ್ಕೆ ಕತ್ತರಿಸಿ, ಎರಡೂ ಬದಿಗೆ ಮುಚ್ಚಳ ಹಾಕಿ, ಹೆಗಲಿಗೆ ಒಂದು ಪಟ್ಟಿ ಕಟ್ಟಿಕೊಡಲಿ. ಮೇಲೆ ದೊಡ್ಡದಾಗಿ ‘ಟೀಚರ್’ ಎಂದು ಪೇಂಟಿನಲ್ಲಿ ಅವರೇ ಬರೆಯಲಿ. ಮಳೆಗೂ ಬಸ್ಸಿನ ನೂಕುನುಗ್ಗಲಿಗೂ ಒಳಗಿನ ಚಾರ್ಟಿಗೆ ಏನೂ ಆಗುವುದಿಲ್ಲ. ನಕ್ಷೆಗೂ ಅಂಥದ್ದೇ ಇನ್ನೊಂದು ಮಾಡಿ ಬೇರೆ ಕೋಣೆಯಲ್ಲಿ ಇಟ್ಟುಕೊಳ್ಳಲಿ. ಕತ್ತರಿಸಿದ ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ನಯ ಮಾಡಲು ಮರೆಯದೆ ಹೇಳಿ. ಇಲ್ಲದಿದ್ದರೆ ಎಳೆಯುವಾಗ ಚಾರ್ಟ್ ಹರಿಯುತ್ತದೆ.

— ನಿಮ್ಮ ಅಕ್ಕ